ಬ್ಯಾಂಡೇಜ್ ರೋಲ್ ಮಾಡುವ ಮೊದಲು, ಕಟ್ಟುವ ಕೈಯನ್ನು ನೋಡಿ

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನಮ್ಮವ್ವನಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ. ಎಡಗಾಲಿನ ಪಾದದ ಪಕ್ಕದಲ್ಲಿ ಗಾಯವಾಗಿ ಮೂರು ತಿಂಗಳಾಯಿತು. ದಿನಾ ಬೆಳಿಗ್ಗೆ ನಾನೇ ಡ್ರೆಸ್ಸಿಂಗ್ ಮಾಡುತ್ತೇನೆ. ಅಂಗಡಿಯಿಂದ ತಂದ ಬ್ಯಾಂಡೇಜ್ ರೋಲ್ ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಿಂದ ಜಾರಿ ಹಗ್ಗದ ಹಾಗೆ ಸುರುಟಿಕೊಂಡಿರುತ್ತದೆ. ಅಂಚಿನ ನೂಲು ಬಿಚ್ಚಿಕೊಂಡು ಗಾಯಕ್ಕೆ ಅಂಟುತ್ತದೆ. ಸ್ವಲ್ಪ ಬಿಗಿ ಮಾಡಿದರೆ ಬೆರಳು ಊದಿಕೊಳ್ಳುತ್ತವೆ. ನಮ್ಮ ಮಹಿಳಾ ಸಂಘದಲ್ಲಿ 12 ಹೊಲಿಗೆ ಮೆಷಿನ್ ಇವೆ. ಇದಕ್ಕಿಂತ ಚೆನ್ನಾಗಿರುವ ರೋಲ್ ನಾವೇ ಮಾಡಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮಾಡಬಹುದು. ಆದರೆ ರೋಲಿನ ವಿಷಯಕ್ಕೆ ಹೋಗುವ ಮೊದಲು ನಿಮ್ಮ ಅವ್ವನ ಬಗ್ಗೆ ಒಂದು ಮಾತು. ಮೂರು ತಿಂಗಳಿನಿಂದ ಮಾಯದ ಗಾಯ ಬರೀ ಬ್ಯಾಂಡೇಜ್ ಸರಿ ಇಲ್ಲದ್ದರಿಂದ ನಿಂತಿರುವುದಿಲ್ಲ. ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ಯಾರಾದರೂ ನೋಡಿದ್ದಾರಾ? ತೋಳಿನ ಬಿ.ಪಿ.ಯನ್ನೂ ಕಾಲಿನ ಹರಡಿನ, ಅಂದರೆ ಪಾದ ಸೇರುವ ಕೀಲಿನ ಹತ್ತಿರದ, ಬಿ.ಪಿ.ಯನ್ನೂ ಹೋಲಿಸುವ ಸರಳ ಪರೀಕ್ಷೆ ಇದೆ. ಕಾಲಿನದ್ದನ್ನು ತೋಳಿನದ್ದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿಕೊಳ್ಳುತ್ತಿದೆ ಅಂತ ಅನುಮಾನಿಸಬೇಕು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ರಕ್ತನಾಳ ಸುಣ್ಣಗಟ್ಟಿ ಗಡುಸಾಗಿರುತ್ತದೆ. ಅಂಥವರಲ್ಲಿ ಈ ಲೆಕ್ಕ ಸುಳ್ಳಾಗಿ ಜಾಸ್ತಿ ತೋರಿಸಬಹುದು. ಅದಕ್ಕೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ, ಸರ್ಜನ್ ಹತ್ತಿರ ಕಾಲಿನ ನಾಡಿ ನೋಡಿಸಿ. ಈ ವಾರವೇ ಹೋಗಿ. ಮುಂದಿನದ್ದನ್ನೆಲ್ಲ ಬಸ್ಸಿನಲ್ಲಿ ಕೂತು ಓದಬಹುದು.

ಈಗ ರೋಲಿಗೆ ಬರೋಣ. ನೀವು ಹೇಳಿದ್ದು ಮೂರು ದೂರು: ನೂಲು ಬಿಡುತ್ತದೆ, ಜಾರುತ್ತದೆ, ಜಾರದ ಹಾಗೆ ಕಟ್ಟಿದರೆ ಬಿಗಿಯಾಗುತ್ತದೆ. ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಗಾಯಗಳನ್ನೇ ನೋಡುತ್ತಿರುವ ನನಗೆ ಈ ಮೂರೂ ಒಂದೇ ಬೇರಿನಿಂದ ಬಂದದ್ದು ಅನ್ನಿಸಿದೆ. ನಮ್ಮ ಬ್ಯಾಂಡೇಜ್ ರೋಲ್‌ಗಳನ್ನು ಆಸ್ಪತ್ರೆಯ ಕೈಗೆ ಅಂತ ಮಾಡಿದ್ದಾರೆ. ದಿನಕ್ಕೆ ನಲವತ್ತು ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಕೈಗೆ ಎಷ್ಟು ಎಳೆಯಬೇಕು, ಎಲ್ಲಿ ತಿರುಗಿಸಬೇಕು ಅನ್ನುವುದು ತಾನಾಗಿ ಗೊತ್ತಿರುತ್ತದೆ. ರೋಲ್ ಹೇಗಿದ್ದರೂ ಆ ಕೈ ಅದನ್ನು ಸುಧಾರಿಸಿಕೊಂಡು ಹೋಗುತ್ತದೆ. ಆದರೆ ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ, ಹಾಲು ಕರೆದು ಬಂದು, ಡೇರಿಗೆ ಹೋಗುವ ಮುಂಚೆ ಅವ್ವನ ಕಾಲು ತೊಡೆ ಮೇಲೆ ಇಟ್ಟುಕೊಂಡು ಕಟ್ಟುವ ಮಗಳ ಕೈಗೆ ಅದು ಗೊತ್ತಿರುವುದಿಲ್ಲ. ಗೊತ್ತಿರಬೇಕು ಅಂತ ಬಯಸುವುದೂ ತಪ್ಪು. ತಪ್ಪಾಗಿ ಕಟ್ಟುವುದೇ ಕಷ್ಟ ಆಗುವಂಥ ರೋಲ್ ಬೇಕು. ನಿಮ್ಮ ಸಂಘ ಕೈ ಹಾಕಬೇಕಾದ ಕೆಲಸ ಅದು.

ನೂಲಿನಿಂದ ಶುರು ಮಾಡುತ್ತೇನೆ. ಅದನ್ನು ಚಿಕ್ಕ ತೊಂದರೆ ಅಂತ ಯಾರಾದರೂ ಅಂದರೆ ನನಗೆ ತಡೆಯಲಾಗುವುದಿಲ್ಲ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ಆಸ್ಪತ್ರೆಯಲ್ಲಿ ಕಬ್ಬು ಕಡಿಯುವ ಕೆಲಸದ ಒಬ್ಬರು ದಾಖಲಾಗಿದ್ದರು. ಅವರಿಗೂ ಸಕ್ಕರೆ ಕಾಯಿಲೆ. ಪಾದದ ಮೇಲೆ ಮಚ್ಚು ತಗುಲಿದ ಗಾಯ. ಅಗಲ ಬಟ್ಟೆಯಿಂದ ಹರಿದು ಮಾಡಿದ ಪಟ್ಟಿಯಲ್ಲಿ ನಾನೇ ಕಟ್ಟಿದ್ದೆ. ಬೆರಳುಗಳನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದೆ. ಮಾರನೆಯ ದಿನ ರಜೆ, ಬಿಚ್ಚಿ ನೋಡಿದ್ದು ಅದರ ಮಾರನೆಯ ದಿನ. ಅಂಚಿನಿಂದ ಬಿಟ್ಟುಕೊಂಡ ಒಂದೇ ಒಂದು ಎಳೆ ಎರಡನೆಯ ಬೆರಳಿನ ಬುಡಕ್ಕೆ ಸುತ್ತಿಕೊಂಡಿತ್ತು. ಪಾದ ಊದಿದ ಹಾಗೆಲ್ಲ ಅದು ಬಿಗಿದಿತ್ತು. ಬೆರಳು ಕಪ್ಪಾಗಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ, ಪಾದ ಜೋಮು ಹಿಡಿದಿತ್ತಲ್ಲ. ಆ ಬೆರಳನ್ನು ತೆಗೆಯಬೇಕಾಯಿತು. ಅವತ್ತಿನಿಂದ ಇವತ್ತಿನವರೆಗೆ ನಾನು ಯಾವ ರೋಲ್ ಕೈಗೆ ತಗೊಂಡರೂ ಮೊದಲು ಅಂಚು ನೋಡುತ್ತೇನೆ.

ಬಟ್ಟೆ ಯಾಕೆ ನೂಲು ಬಿಡುತ್ತದೆ ಅಂತ ಹೊಲಿಗೆ ಮಾಡುವ ನಿಮಗೆ ಹೇಳಿಕೊಡಬೇಕಿಲ್ಲ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಮಗ್ಗದ ಮೇಲೆ ಹೊಕ್ಕಿನ ನೂಲು ಅಂಚಿಗೆ ಬಂದು ವಾಪಸ್ ತಿರುಗುತ್ತದೆ, ಅದರಿಂದಲೇ ಸೀರೆಯ ಅಂಚು ಗಟ್ಟಿ. ಅಗಲದ ಬಟ್ಟೆಯನ್ನು ಉದ್ದುದ್ದ ಸೀಳಿದರೆ ಹೊಕ್ಕು ತುಂಡಾಗುತ್ತದೆ, ಅಂಚಿನ ಹಾಸಿನ ಎಳೆಗೆ ಹಿಡಿತವೇ ಇಲ್ಲ. ಮಾರುಕಟ್ಟೆಯ ಅಗ್ಗದ ರೋಲ್‌ಗಳು ಬಹಳಷ್ಟು ಹೀಗೇ ಸೀಳಿ ಮಾಡಿದವು. ಗಾಜ್ ಅನ್ನುವ ತೆಳು ಜಾಲರಿ ಬಟ್ಟೆಯಲ್ಲಿ ನೇಯ್ಗೆ ಸಡಿಲ ಇರುವುದರಿಂದ ಇನ್ನೂ ಜಾಸ್ತಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ನೇಯ್ಗೆಯಲ್ಲೇ ಹಳೆಯ ಉಪಾಯ ಇದೆ. ಲೀನೋ ಅಂತ ಹೆಸರು. ಎರಡೆರಡು ಹಾಸಿನ ಎಳೆ ಒಂದಕ್ಕೊಂದು ಹೆಣೆದುಕೊಂಡು ಹೊಕ್ಕನ್ನು ನಡುವೆ ಹಿಡಿದುಕೊಳ್ಳುತ್ತವೆ. ಜಾಲರಿ ಹಾಗೆ ಗಾಳಿಯಾಡುತ್ತದೆ, ಆದರೂ ಎಳೆ ಸರಿಯುವುದಿಲ್ಲ.

ಆದರೆ ನಿಮ್ಮದು ಹೊಲಿಗೆ ಸಂಘ, ನೇಯ್ಗೆ ಸಂಘ ಅಲ್ಲ. ಹಾಗಾಗಿ ಬಟ್ಟೆ ಸೀಳಲೇಬೇಡಿ. ಕಿರಿದಾದ ಪಟ್ಟಿಯಾಗಿಯೇ ನೇಯ್ದ, ಎರಡೂ ಕಡೆ ಗಟ್ಟಿ ಅಂಚಿರುವ ಬ್ಯಾಂಡೇಜ್ ಪಟ್ಟಿ ದೊಡ್ಡ ಸುರುಳಿಯಲ್ಲಿ ಸಿಗುತ್ತದೆ. ಅದನ್ನೇ ತರಿಸಿ. ಸೀಳಿದ ಪಟ್ಟಿಗೆ ಓವರ್‌ಲಾಕ್ ಹೊಡೆದರೆ ಆಗಲ್ವಾ ಅಂತ ನೀವು ಕೇಳುತ್ತೀರಿ. ಬೇಡ. ಓವರ್‌ಲಾಕ್ ಅಂಚು ಹುರಿ ಹಗ್ಗದ ಹಾಗೆ ಉಬ್ಬಿರುತ್ತದೆ. ಸುತ್ತಿನ ಮೇಲೆ ಸುತ್ತು ಬಂದಾಗ ಆ ಉಬ್ಬು ಚರ್ಮಕ್ಕೆ ಗೆರೆಗೆರೆಯಾಗಿ ಒತ್ತುತ್ತದೆ. ಜೋಮು ಹಿಡಿದ ಪಾದದಲ್ಲಿ ಆ ಗೆರೆಯೇ ಹೊಸ ಗಾಯ. ಮೆಷಿನ್ ಓಡಬೇಕಾದದ್ದು ರೋಲಿನ ಎರಡು ತುದಿಗಳಲ್ಲಿ ಮಾತ್ರ. ಅಲ್ಲೂ ಮಡಚಿ ಹೊಲಿಯದೆ ಚಪ್ಪಟೆಯಾಗಿ ಜಿಗ್‌ಜಾಗ್ ಹೊಲಿಗೆ ಹಾಕಿ.

ಮುಂದಿನದ್ದು ಜಾರುವುದು. ಅಂಗೈಯಲ್ಲಿ ಒಂದು ಲೋಟ ನೆಟ್ಟಗೆ ಹಿಡಿದು ಅದಕ್ಕೆ ರಿಬ್ಬನ್ ಸುತ್ತಿ ನೋಡಿ. ಅಗಲದ ಕಡೆಯಿಂದ ಸಣ್ಣ ಕಡೆಗೆ ಜಾರುತ್ತದೆ. ನಮ್ಮ ಕಾಲೂ ಅಷ್ಟೆ. ಮೀನಖಂಡ ದಪ್ಪ, ಹರಡು ಸಣ್ಣ, ಆಮೇಲೆ ಹಿಮ್ಮಡಿ ಒಮ್ಮೆಲೇ ಹೊರಕ್ಕೆ ಬರುತ್ತದೆ. ಹಿಗ್ಗದ ಬಟ್ಟೆ ಈ ಏರಿಳಿತಕ್ಕೆ ಒಗ್ಗುವುದಿಲ್ಲ. ಒಂದು ಅಂಚು ಬಿಗಿ, ಇನ್ನೊಂದು ಅಂಚು ಸಡಿಲ. ನಾಲ್ಕು ಹೆಜ್ಜೆ ನಡೆದರೆ ಸಡಿಲ ಅಂಚು ಮಡಚಿಕೊಂಡು ಹಗ್ಗವಾಗುತ್ತದೆ. ನೀವು ನೋಡಿದ್ದು ಇದನ್ನೇ.

ಕ್ರೇಪ್ ಅನ್ನುವ ಹಿಗ್ಗುವ ಬ್ಯಾಂಡೇಜ್ ಇದಕ್ಕೆ ಒಗ್ಗುವುದು ಅದರ ನೂಲಿನ ಹುರಿಯಿಂದ. ಹಾಸಿನ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ, ಕೆಲವಕ್ಕೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ನೇಯ್ದ ಮೇಲೆ ಬಟ್ಟೆಯನ್ನು ಬಿಸಿ ನೀರಿನಲ್ಲಿ ತೊಳೆದಾಗ ಆ ಹುರಿಗಳೆಲ್ಲ ಬಿಚ್ಚಿಕೊಳ್ಳಲು ನೋಡಿ ಬಟ್ಟೆ ಸುಕ್ಕುಗಟ್ಟುತ್ತದೆ. ಆ ಸುಕ್ಕೇ ಹಿಗ್ಗು. ರಬ್ಬರ್ ಬೇಕಿಲ್ಲ. ಇದರಲ್ಲಿ ಇನ್ನೊಂದು ಲಾಭ ಇದೆ. ಸುಕ್ಕು ಸುಕ್ಕಾದ ಮೈ ಪಕ್ಕದ ಸುತ್ತನ್ನು ಹಿಡಿದುಕೊಳ್ಳುತ್ತದೆ, ನುಣುಪು ಬಟ್ಟೆಯ ಹಾಗೆ ಸರಿಯುವುದಿಲ್ಲ. ತನಗೆ ತಾನೇ ಅಂಟಿಕೊಳ್ಳುವ ಬಣ್ಣದ ರೋಲ್‌ಗಳೂ ಸಿಗುತ್ತವೆ. ಅವು ಜಾರುವುದಿಲ್ಲ, ನಿಜ. ಆದರೆ ಬಹಳಷ್ಟರಲ್ಲಿ ರಬ್ಬರ್ ಹಾಲು ಇರುತ್ತದೆ, ಕೆಲವರಿಗೆ ಅದು ಅಲರ್ಜಿ. ಜೊತೆಗೆ ಒಮ್ಮೆ ಎಳೆದು ಕಟ್ಟಿದರೆ ತಪ್ಪನ್ನು ಹಾಗೇ ಹಿಡಿದುಕೊಳ್ಳುತ್ತದೆ. ನಿಮ್ಮ ಅವ್ವನಂಥ ಕಾಲಿಗೆ, ಮನೆಯಲ್ಲಿ ಕಟ್ಟುವುದಕ್ಕೆ, ನಾನು ಹತ್ತಿಯ ಕ್ರೇಪನ್ನೇ ಆರಿಸುತ್ತೇನೆ.

ಜಾರದಿರಲು ಮೊದಲ ಸುತ್ತು ಮುಖ್ಯ. ಆಸ್ಪತ್ರೆಯಲ್ಲಿ ನಾವು ಪಟ್ಟಿಯ ತುದಿಯನ್ನು ಓರೆಯಾಗಿ ಇಟ್ಟು ಒಂದು ಸುತ್ತು ಹಾಕಿ, ಹೊರಗೆ ಉಳಿದ ಮೂಲೆಯನ್ನು ಕೆಳಕ್ಕೆ ಮಡಚಿ, ಅದರ ಮೇಲೆ ಎರಡನೆಯ ಸುತ್ತು ತರುತ್ತೇವೆ. ಬೀಗ ಹಾಕಿದ ಹಾಗೆ ಕೂರುತ್ತದೆ. ಮನೆಯಲ್ಲಿ ಯಾರೂ ಇದನ್ನು ಮಾಡುವುದಿಲ್ಲ, ಯಾಕೆಂದರೆ ರೋಲ್ ಅದನ್ನು ಹೇಳಿಕೊಡುವುದಿಲ್ಲ. ನೀವು ಹೇಳಿಕೊಡಿ. ಶುರುವಿನ ತುದಿಯನ್ನು ನೇರ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿ, ಆ ಚೂಪು ಮೂಲೆಗೆ ಕೆಂಪು ನೂಲಿನಲ್ಲಿ ಹೊಲಿಗೆ ಹಾಕಿ. ‘ಕೆಂಪು ಮೂಲೆ ಮಡಚಿ, ಮೇಲೆ ಸುತ್ತಿ’ ಅಂತ ಚೀಟಿಯಲ್ಲಿ ಒಂದು ಸಾಲು ಸಾಕು. ಮೂರನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುತ್ತದೆ. ಆಮೇಲೆ ಪಾದದಿಂದ ಹರಡಿಗೆ ಹೋಗುವಾಗ ಇಂಗ್ಲಿಷ್ ಎಂಟರ ಆಕಾರದಲ್ಲಿ ಎರಡು ಸುತ್ತು. ಈ ಚಿತ್ರವನ್ನು ಚೀಟಿಯಲ್ಲಿ ಬರೆಸಿ.

ಈಗ ಬಿಗಿ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ದಯವಿಟ್ಟು ಬಿಟ್ಟು ಓದಬೇಡಿ. ಲಾಪ್ಲಾಸ್ ಅನ್ನುವ ಫ್ರೆಂಚ್ ಗಣಿತಜ್ಞನ ಹೆಸರಿನ ನಿಯಮದಿಂದ ಬಂದ ಲೆಕ್ಕ ಇದು. ಪಟ್ಟಿಯನ್ನು ಎಷ್ಟು ಕೆ.ಜಿ. ಬಲದಿಂದ ಎಳೆದಿರಿ, ಒಂದರ ಮೇಲೊಂದು ಎಷ್ಟು ಪದರ ಬಂತು, ಇವೆರಡನ್ನೂ ಗುಣಿಸಿ 4620ರಿಂದ ಗುಣಿಸಿ. ಬಂದದ್ದನ್ನು ಕಾಲಿನ ಸುತ್ತಳತೆ ಮತ್ತು ಪಟ್ಟಿಯ ಅಗಲ, ಎರಡೂ ಸೆಂಟಿಮೀಟರಿನಲ್ಲಿ, ಇವುಗಳ ಗುಣಲಬ್ಧದಿಂದ ಭಾಗಿಸಿ. ಬಿ.ಪಿ. ಅಳೆಯುವ ಅದೇ ಮಿಲಿಮೀಟರ್ ಪಾದರಸದಲ್ಲಿ ಒತ್ತಡ ಸಿಗುತ್ತದೆ.

ಅರ್ಧ ಕೆ.ಜಿ. ಎಳೆತ, ಎರಡು ಪದರ, 10 ಸೆಂ.ಮೀ. ಅಗಲದ ಪಟ್ಟಿ ಅಂತ ಇಟ್ಟುಕೊಳ್ಳಿ. 22 ಸೆಂ.ಮೀ. ಸುತ್ತಳತೆಯ ಹರಡಿನಲ್ಲಿ ಒತ್ತಡ 21. ಅದೇ ಎಳೆತದಲ್ಲಿ 36 ಸೆಂ.ಮೀ.ನ ಮೀನಖಂಡದಲ್ಲಿ ಬರೀ 13. ಅಂದರೆ ಕಾಲು ಸಣ್ಣಗಿದ್ದ ಕಡೆ ಒತ್ತಡ ತಾನಾಗಿ ಜಾಸ್ತಿ. ಈಗ ಪಟ್ಟಿಯ ಅಗಲ 5 ಸೆಂ.ಮೀ. ಮಾಡಿ, ಉಳಿದದ್ದೆಲ್ಲ ಹಾಗೇ ಇರಲಿ. ಹರಡಿನಲ್ಲಿ 42 ಆಯಿತು. ಅಶುದ್ಧ ರಕ್ತನಾಳ ಕೆಟ್ಟು ಬಂದ ಗಾಯಕ್ಕೆ, ರಕ್ತ ಸಂಚಾರ ಚೆನ್ನಾಗಿದೆ ಅಂತ ಖಚಿತ ಮಾಡಿಕೊಂಡ ಮೇಲೆ, ನಾವು ಬೇಕಂತಲೇ ಕೊಡುವ ಒತ್ತಡ ಸುಮಾರು 40. ಅದನ್ನು ರಕ್ತ ಕಡಿಮೆ ಬರುವ ಸಕ್ಕರೆ ಕಾಲಿಗೆ ಗೊತ್ತಿಲ್ಲದೆ ಕೊಟ್ಟರೆ ಬೆರಳು ಹೋಗುತ್ತದೆ. ಮನೆಯಲ್ಲಿ ಆಗುತ್ತಿರುವುದು ಹೀಗೆ: ಅಂಗಡಿಯಲ್ಲಿ ಸಣ್ಣ ಪಟ್ಟಿ ಅಗ್ಗ ಅಂತ ತರುತ್ತಾರೆ, ಜಾರುತ್ತದೆ ಅಂತ ಎಳೆಯುತ್ತಾರೆ, ರೋಲ್ ಮಿಕ್ಕಿತು ಅಂತ ಇನ್ನೂ ಎರಡು ಸುತ್ತು ಹಾಕುತ್ತಾರೆ. ಮೂರೂ ಸೇರಿ ಒತ್ತಡ ಎಲ್ಲಿಗೋ ಹೋಗುತ್ತದೆ. ನಿಮ್ಮ ಅವ್ವನ ಬೆರಳು ಊದುವುದಕ್ಕೆ ಇದೇ ಕಾರಣ ಇರಬಹುದು.

ಕಟ್ಟು ಎಷ್ಟು ಬಿಗಿ ಇರಬೇಕು ಅನ್ನುವ ಚಿಂತೆ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯಲ್ಲಿ 14 ಬಗೆಯ ಕಟ್ಟುಗಳಿವೆ. ಅವುಗಳನ್ನು ಗಾಢ, ಸಮ, ಶಿಥಿಲ ಅಂತ ಮೂರು ಬಿಗಿಯಲ್ಲಿ ಹಾಕಬೇಕು, ಕೈಕಾಲಿಗೆ ಸಮ, ಕೀಲುಗಳಿಗೆ ಶಿಥಿಲ ಅಂತ ಹೇಳಿದೆ. ಗಾಯದ ಮೇಲೆ ಗಂಟು ಬರಬಾರದು ಅಂತಲೂ ಇದೆ. ಮಧುಮೇಹದವರ ಕುರುಗಳಿಗೆ ಕಟ್ಟು ಬೇಡ ಅನ್ನುತ್ತದೆ ಆ ಗ್ರಂಥ. ಇವತ್ತು ನಾವು ಅಂಥ ಗಾಯವನ್ನೂ ಮುಚ್ಚಿಯೇ ಇಡುತ್ತೇವೆ, ಆದರೆ ಆ ಎಚ್ಚರಿಕೆ ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತದೆ.

ಹಾಗಾದರೆ ರೋಲ್ ಈ ಲೆಕ್ಕವನ್ನು ನಿಮ್ಮ ಪರವಾಗಿ ಮಾಡಬೇಕು. ಅದಕ್ಕೆ ಎರಡು ಗುರುತು ಸಾಕು. ಒಂದು, ಪಟ್ಟಿಯ ನಡುವೆ ಉದ್ದಕ್ಕೂ ಒಂದು ಬಣ್ಣದ ಗೆರೆ. ಮುಂದಿನ ಸುತ್ತಿನ ಅಂಚು ಆ ಗೆರೆಯ ಮೇಲೆ ಕೂರಬೇಕು. ಆಗ ಅರ್ಧಕ್ಕೆ ಅರ್ಧ ಮುಚ್ಚಿ ಎಲ್ಲ ಕಡೆ ಸರಿಯಾಗಿ ಎರಡೇ ಪದರ ಬರುತ್ತದೆ. ಇನ್ನೊಂದು, ಎಳೆತದ ಗುರುತು. ಒತ್ತಡದ ಬ್ಯಾಂಡೇಜ್‌ಗಳಲ್ಲಿ ಕೆಲವು ಕಂಪನಿಗಳು ಪಟ್ಟಿಯ ಮೇಲೆ ಆಯತಗಳನ್ನು ಅಚ್ಚು ಹಾಕಿರುತ್ತವೆ. ಸರಿಯಾಗಿ ಎಳೆದಾಗ ಆಯತ ಚೌಕವಾಗುತ್ತದೆ. ಬಹಳ ಒಳ್ಳೆಯ ಯೋಚನೆ ಅದು, ಓದು ಬರದವರೂ ನೋಡಿ ಕಟ್ಟಬಹುದು. ನಿಮ್ಮದು ಬರೀ ಡ್ರೆಸ್ಸಿಂಗ್ ಹಿಡಿದುಕೊಳ್ಳುವ ರೋಲ್, ಒತ್ತಡ ಕೊಡುವುದಕ್ಕಲ್ಲ. ಹಾಗಾಗಿ ಕಾಲು ಭಾಗದಷ್ಟು ಹಿಗ್ಗಿದರೆ ಸಾಕು. ಉದ್ದಕ್ಕೆ 4 ಸೆಂ.ಮೀ., ಅಡ್ಡಕ್ಕೆ 5 ಸೆಂ.ಮೀ. ಇರುವ ಆಯತ ಹಾಕಿದರೆ, 4 ಹಿಗ್ಗಿ 5 ಆದಾಗ ಚೌಕ ಕಾಣುತ್ತದೆ. ಉದ್ದುದ್ದ ಕಂಡರೆ ಜಾಸ್ತಿ ಎಳೆದಿದ್ದೀರಿ ಅಂತ ಅರ್ಥ. ಶಾಯಿಯಲ್ಲಿ ಅಚ್ಚು ಹಾಕಲು ಹೋಗಬೇಡಿ. ಗಾಯದಿಂದ ನೀರು ಸೋರುತ್ತದೆ, ಬೆವರುತ್ತದೆ, ಬಣ್ಣ ಬಿಟ್ಟರೆ ಚರ್ಮಕ್ಕೆ ಇಳಿಯುತ್ತದೆ. ನಡುವಿನ ಗೆರೆಯನ್ನು ನೇಯುವಾಗಲೇ ಬಣ್ಣ ಬಿಡದ ನೂಲಿನಲ್ಲಿ ಹಾಕಿಸಿ. ಆಯತದ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಹೊಲಿಗೆ ಸಾಕು. ಗೆರೆ ಎಳೆದು ಹೊಲಿದರೆ ಹಿಗ್ಗುವಾಗ ಹೊಲಿಗೆ ತಡೆಯುತ್ತದೆ.

ಅಗಲ ಎಷ್ಟಿರಲಿ? ಪಾದಕ್ಕೆ 7.5 ಸೆಂ.ಮೀ., ಹರಡಿನಿಂದ ಮೇಲಿನ ಕಾಲಿಗೆ 10 ಸೆಂ.ಮೀ. ಇವೆರಡೇ ಮಾಡಿ. 5 ಸೆಂ.ಮೀ. ಯಾಕೆ ಬೇಡ ಅಂತ ಮೇಲೆ ನೋಡಿದಿರಲ್ಲ. ಉದ್ದದಲ್ಲಿ ನಾನು ಮಾರುಕಟ್ಟೆಯಿಂದ ಬೇರೆ ದಾರಿ ಹಿಡಿಯುತ್ತೇನೆ. ಅಂಗಡಿ ಕ್ರೇಪ್ ಸಾಮಾನ್ಯವಾಗಿ ಹಿಗ್ಗಿಸಿದಾಗ 4 ಮೀಟರಿನ ಆಸುಪಾಸು. ಪಾದದ ಲೆಕ್ಕ ಹಾಕೋಣ. ಪಾದದ ಸುತ್ತಳತೆ ಸುಮಾರು 24 ಸೆಂ.ಮೀ. ಬೆರಳಿನ ಬುಡದಿಂದ ಹರಡಿನವರೆಗೆ ಅರ್ಧರ್ಧ ಮುಚ್ಚುತ್ತಾ ಬಂದರೆ ಆರು ಸುತ್ತು, ಒಂದೂವರೆ ಮೀಟರ್. ಎಂಟರ ಆಕಾರದ ಎರಡು ಸುತ್ತಿಗೆ ಇನ್ನೊಂದು ಮೀಟರ್. ಶುರು ಮತ್ತು ಕೊನೆ ಸೇರಿ 3 ಮೀಟರ್ ಆಯಿತು. ಉಳಿದ ಒಂದು ಮೀಟರ್ ಏನಾಗುತ್ತದೆ? ಸುಮ್ನೆ ಹರಡಿನ ಸುತ್ತ ಹೋಗುತ್ತದೆ, ಅಂದರೆ ಒತ್ತಡ ಎಲ್ಲಿ ಕಡಿಮೆ ಇರಬೇಕೋ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಪಾದದ ರೋಲ್ 3 ಮೀಟರಿಗೆ ನಿಲ್ಲಲಿ. ಮಿಕ್ಕದ ರೋಲ್ ಮಾಡುವುದೂ ಒಂದು ಸುಧಾರಣೆ.

ಕೊನೆಯ ತುದಿಗೆ ಆ ಲೋಹದ ಕ್ಲಿಪ್ ಕೊಡಬೇಡಿ. ಹಾಸಿಗೆಯಲ್ಲಿ ಬಿದ್ದು ಅಂಗಾಲಿಗೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ, ಜೋಮು ಹಿಡಿದವರಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ. ಸೇಫ್ಟಿ ಪಿನ್ನೂ ಬೇಡ. ಕೊನೆಯಲ್ಲಿ ವೆಲ್ಕ್ರೋದ ಗಡುಸು ಭಾಗವನ್ನು ಎರಡು ಬೆರಳಿನಷ್ಟು ಅಗಲ ಹೊಲಿದರೆ ಕ್ರೇಪಿನ ಸುಕ್ಕಿಗೆ ತಾನೇ ಹಿಡಿದುಕೊಳ್ಳುತ್ತದೆ. ಅದು ಚರ್ಮಕ್ಕೆ ತಾಗದ ಹಾಗೆ ತುದಿಯಿಂದ ಒಂದು ಸೆಂ.ಮೀ. ಒಳಗೆ ಇರಲಿ.

ಸುತ್ತುವ ಬಗ್ಗೆ ಒಂದು ಮಾತು. ಸಡಿಲವಾಗಿ ಸುತ್ತಿದ ರೋಲ್ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಕೊಟ್ಟಿಗೆಯವರೆಗೆ ಬಿಚ್ಚಿಕೊಂಡು ಹೋಗುತ್ತದೆ. ಹಳೆಯ ಆಸ್ಪತ್ರೆಗಳಲ್ಲಿ ಹಿಡಿ ತಿರುಗಿಸಿ ಬ್ಯಾಂಡೇಜ್ ಸುತ್ತುವ ಮರದ ಯಂತ್ರ ಇರುತ್ತಿತ್ತು. ನಿಮ್ಮ ಊರಿನ ಬಡಗಿ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಎಳೆಯದೆ, ಹಿಗ್ಗಿಸದೆ, ಒಂದೇ ಸಮನಾಗಿ ಸುತ್ತಿ. ಹಿಗ್ಗಿಸಿ ಸುತ್ತಿದ ಕ್ರೇಪ್ ಡಬ್ಬಿಯಲ್ಲೇ ಸೋತುಹೋಗುತ್ತದೆ.

ಗಾಯಕ್ಕೆ ಅಂಟುವ ತೊಂದರೆ ಮಾತ್ರ ರೋಲಿನಿಂದ ಪರಿಹಾರ ಆಗುವುದಿಲ್ಲ. ರೋಲ್ ಗಾಯವನ್ನು ಮುಟ್ಟಲೇಬಾರದು. ಒಣ ಗಾಜ್ ನೇರವಾಗಿ ಗಾಯದ ಮೇಲೆ ಇಟ್ಟರೆ ಸೋರುವ ನೀರು ಅದರ ಕಣ್ಣುಗಳಲ್ಲಿ ಇಳಿದು ಒಣಗುತ್ತದೆ, ಹೊಸದಾಗಿ ಹುಟ್ಟುವ ಕೆಂಪು ಮಾಂಸ ಅದಕ್ಕೆ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎಳೆದು ತೆಗೆದಾಗ ಬರುವ ರಕ್ತ ನಿನ್ನೆ ಇಡೀ ದಿನ ದೇಹ ಕಟ್ಟಿದ ಕೆಲಸ. ಗಾಯ ಒಣಗಿದರೆ ವಾಸಿ ಅಂತ ಎಲ್ಲರೂ ನಂಬಿದ್ದಾರೆ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಹಂದಿಮರಿಗಳ ಚರ್ಮದ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದಕ್ಕೆ ಉಲ್ಟಾ. ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬಿತು. ಹಾಗಂತ ಮನೆಯಲ್ಲಿ ಪ್ಲಾಸ್ಟಿಕ್ ಸುತ್ತಬೇಡಿ. ಗಾಯಕ್ಕೆ ತಾಗುವ ಕಡೆ ಪ್ಯಾರಾಫಿನ್ ಹಚ್ಚಿದ ಜಾಲರಿ ಹಾಳೆ ಇಡಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದರ ಮೇಲೆ ನೀರು ಹೀರುವ ಪ್ಯಾಡ್, ಅದರ ಮೇಲೆ ರೋಲ್. ಅಂಟಿಕೊಂಡಿದ್ದರೆ ಸಲೈನ್ ಸುರಿದು ಐದು ನಿಮಿಷ ಕಾದು ತೆಗೆಯಿರಿ. ಅರಿಶಿನ, ಕಾಫಿ ಪುಡಿ ಬೇಡ.

ಇದರಿಂದ ನಿಮ್ಮ ಸಂಘದ ಕೆಲಸವೂ ಸ್ಪಷ್ಟವಾಗುತ್ತದೆ. ಗಾಯ ಮುಟ್ಟುವ ಪದರ ಸ್ಟೆರೈಲ್, ಅಂದರೆ ರೋಗಾಣು ಪೂರ್ತಿ ಇಲ್ಲದ್ದು, ಆಗಿರಬೇಕು. ಅದನ್ನು ನೀವು ಮಾಡಬೇಡಿ, ಕೊಂಡು ತನ್ನಿ. ಕುಕ್ಕರಿನಲ್ಲಿ ಬೇಯಿಸಿ ‘ಸ್ಟೆರೈಲ್’ ಅಂತ ಚೀಟಿ ಹಚ್ಚುವುದು ಅಪಾಯ, ಅಪರಾಧ ಕೂಡ. ಆಟೋಕ್ಲೇವ್ ಅನ್ನುವ ಒತ್ತಡದ ಉಗಿ ಯಂತ್ರದಲ್ಲಿ 121 ಡಿಗ್ರಿ ಉಗಿ ಕಟ್ಟಿನ ಒಳಪದರದವರೆಗೆ ಹೋಯಿತು ಅಂತ ಪ್ರತಿ ಸಲ ಸಾಬೀತು ಮಾಡಬೇಕು, ಅದು ಬೇರೆಯೇ ವ್ಯವಸ್ಥೆ. ಹೊರಗಿನ ಹಿಡಿದುಕೊಳ್ಳುವ ರೋಲ್ ಸ್ವಚ್ಛವಾಗಿದ್ದರೆ ಸಾಕು. ಅದನ್ನು ನೀವು ಮಾಡಿ. ಆದರೂ ಮಾರುವುದಾದರೆ ಅದು ವೈದ್ಯಕೀಯ ಸಾಧನವೇ, 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಅದಕ್ಕೆ ಅನ್ವಯಿಸುತ್ತದೆ. ಮೊದಲ ಪೆಟ್ಟಿಗೆ ಮಾರುವ ಮುಂಚೆಯೇ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳ ಹತ್ತಿರ ಹೋಗಿ ನೋಂದಣಿಯ ವಿಷಯ ಕೇಳಿ. ಹೆದರಬೇಡಿ, ಬ್ಯಾಂಡೇಜ್ ಕಡಿಮೆ ಅಪಾಯದ ವರ್ಗಕ್ಕೆ ಸೇರಿದ್ದು.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ನಿಮಗೆ ‘ಇಸ್ರೇಲಿ ಬ್ಯಾಂಡೇಜ್’ ಸಿಗುತ್ತದೆ. ಬರ್ನಾರ್ಡ್ ಬಾರ್-ನಾಟನ್ ಅನ್ನುವ ಸೇನಾ ವೈದ್ಯಕೀಯ ಸಹಾಯಕ ರೂಪಿಸಿದ್ದು. ಪ್ಯಾಡನ್ನು ಪಟ್ಟಿಗೇ ಹೊಲಿದು, ಅದರ ಮೇಲೆ ಒಂದು ಪ್ಲಾಸ್ಟಿಕ್ ಕೊಕ್ಕೆ ಇಟ್ಟಿದ್ದಾರೆ. ಪಟ್ಟಿಯನ್ನು ಕೊಕ್ಕೆಗೆ ಹಾಕಿ ಹಿಂದಕ್ಕೆ ತಿರುಗಿಸಿದರೆ ಗಾಯದ ಮೇಲೆ ಗಟ್ಟಿಯಾಗಿ ಒತ್ತುತ್ತದೆ. ಗಾಯಗೊಂಡವನು ಒಂದೇ ಕೈಯಲ್ಲಿ ಕಟ್ಟಿಕೊಳ್ಳಬಹುದು. ಕಟ್ಟುವ ಕೈಯನ್ನು ನೋಡಿ ಮಾಡಿದ ರೋಲ್ ಅಂದರೆ ಅದು, ನನಗೆ ಅದರ ಬಗ್ಗೆ ತುಂಬಾ ಗೌರವ. ಆದರೆ ಅದು ರಕ್ತ ಚಿಮ್ಮುವ ಗಾಯಕ್ಕೆ. ನಕಲು ಮಾಡಿ ಸಕ್ಕರೆ ಕಾಲಿಗೆ ಕೊಡಬೇಡಿ. ಅದೇ ರೀತಿ, ಕಬ್ಬಿನ ಗದ್ದೆಯ ಊರು ನಿಮ್ಮದು, ಹಾವು ಕಚ್ಚಿದರೆ ನಿಮ್ಮ ರೋಲನ್ನೇ ಬಿಗಿಯಾಗಿ ಕಟ್ಟಲು ಯಾರಾದರೂ ಓಡಿ ಬರುತ್ತಾರೆ. ‘ಹಾವು ಕಡಿತಕ್ಕೆ ಬಿಗಿದು ಕಟ್ಟಬೇಡಿ, ಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ’ ಅಂತ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿ.

ಮೊದಲ ಹತ್ತು ರೋಲ್ ಆದ ಮೇಲೆ ಪರೀಕ್ಷೆ ಮಾಡಿ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ, ತಕ್ಷಣ ಹೀರಬೇಕು. ಮುತ್ತಿನ ಹಾಗೆ ನಿಂತರೆ ಹತ್ತಿಯ ಮೇಣವೋ ಮಗ್ಗದ ಗಂಜಿಯೋ ಪೂರ್ತಿ ಹೋಗಿಲ್ಲ. ಬಿಳುಪು ಕಾಣಲಿ ಅಂತ ನೀಲಿ ಹಾಕಬೇಡಿ. ಕಪ್ಪು ಬಟ್ಟೆಯ ಮೇಲೆ ಇಪ್ಪತ್ತು ಸಲ ಉಜ್ಜಿ, ಬಿದ್ದ ಎಳೆ ಎಣಿಸಿ. ತೂಕದ ಸ್ಪ್ರಿಂಗ್ ತಕ್ಕಡಿಗೆ ತುದಿ ಸಿಕ್ಕಿಸಿ ಚೌಕ ಬರುವವರೆಗೆ ಎಳೆಯಿರಿ, ಎಷ್ಟು ತೂಕ ತೋರಿಸಿತು ಅಂತ ಬರೆದಿಟ್ಟುಕೊಂಡು ಮೇಲಿನ ಲೆಕ್ಕಕ್ಕೆ ಹಾಕಿ. ಹರಡಿನಲ್ಲಿ 20 ದಾಟಿದರೆ ಆ ಬಟ್ಟೆ ಬೇಡ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು. ಸಂಘದಲ್ಲೇ ಗಾಯವಿಲ್ಲದ, ಸಕ್ಕರೆ ಕಾಯಿಲೆ ಇಲ್ಲದ ಒಬ್ಬರ ಕಾಲಿಗೆ ಕಟ್ಟಿಸಿ. ಕಟ್ಟುವವರು ಮೂವರು ಬೇರೆ ಬೇರೆಯವರಿರಲಿ. ಒಬ್ಬಳು ಹೈಸ್ಕೂಲ್ ಹುಡುಗಿ, ಒಬ್ಬರು ಕಣ್ಣು ಮಂದ ಆದ ಅಜ್ಜಿ, ಒಬ್ಬರು ಇದನ್ನು ಯಾವತ್ತೂ ಮುಟ್ಟದ ಗಂಡಸು. ಯಾರಿಗೂ ಹೇಳಿಕೊಡಬೇಡಿ, ಚೀಟಿ ಮಾತ್ರ ಕೊಡಿ. ಅಂಚು ಎಲ್ಲಿದೆ ಅಂತ ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ, ಬಸ್ ಸ್ಟ್ಯಾಂಡಿನವರೆಗೆ ನಡೆದು ವಾಪಸ್ ಬರಲಿ. ಎಷ್ಟು ಜಾರಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಮೂವರಲ್ಲಿ ಒಬ್ಬರು ತಪ್ಪು ಕಟ್ಟಿದರೂ ಅವರನ್ನು ತಿದ್ದಬೇಡಿ, ರೋಲನ್ನು ತಿದ್ದಿ.

ಇನ್ನು ನಿಮ್ಮ ಅವ್ವನಿಗೆ, ನಾಳೆ ಬೆಳಿಗ್ಗೆಯಿಂದಲೇ. ಐದೂ ಬೆರಳಿನ ತುದಿ ಹೊರಗೆ ಕಾಣುವ ಹಾಗೆ ಕಟ್ಟಿ. ಬೆರಳಿನ ಸಂದಿಗಳನ್ನು ದಿನಾ ಬೆಳಕಿನಲ್ಲಿ ನೋಡಿ, ಒಂದು ಎಳೆಯೂ ಇರಬಾರದು. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ, ಬಿಳುಪಾದದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ಆಗದಿದ್ದರೆ ಬಿಚ್ಚಿ ಮತ್ತೆ ಕಟ್ಟಿ, ಮತ್ತೂ ಆಗದಿದ್ದರೆ ಬಿಚ್ಚಿಟ್ಟು ಆಸ್ಪತ್ರೆಗೆ ಹೊರಡಿ. ‘ನೋವಿಲ್ಲ ಬಿಡವ್ವ’ ಅಂತ ಅವರು ಅಂದರೆ ನಂಬಬೇಡಿ, ಆ ಪಾದಕ್ಕೆ ನೋವು ಹೇಳುವ ಶಕ್ತಿ ಕಡಿಮೆಯಾಗಿದೆ. ಗಾಯದ ಮೇಲೆ ಭಾರ ಬೀಳದ ಹಾಗೆ ಎಂ.ಸಿ.ಆರ್. ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ಬೇಕಾಗಬಹುದು, ಸರ್ಜನ್ ಹತ್ತಿರ ಅದನ್ನೂ ಕೇಳಿ. ಕೀವು ತಾಗಿದ ಪಟ್ಟಿಯನ್ನು ತೊಳೆದು ಮತ್ತೆ ಬಳಸಬೇಡಿ, ನಾಲೆಗೆ ಎಸೆಯಬೇಡಿ. ಶುದ್ಧವಾಗಿರುವ ಕ್ರೇಪನ್ನು ಸೋಪಿನ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಿ. ಹಗ್ಗದ ಮೇಲೆ ನೇತು ಹಾಕಿದರೆ ನೀರಿನ ಭಾರಕ್ಕೆ ಹಿಗ್ಗಿ ಸೋಲುತ್ತದೆ. ಆಸ್ಪತ್ರೆಗೆ ಹೋಗುವಾಗ ಈಗ ಬಳಸುತ್ತಿರುವ ರೋಲನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಮುಂದೆ ನೀವು ದಿನಾ ಕಟ್ಟುವ ಹಾಗೇ ಒಮ್ಮೆ ಕಟ್ಟಿ ತೋರಿಸಿ.